ಕಂದೀಲಿನ ಕಿವಿ, ಮಿಲಾನಿನ ಗ್ರಹಣ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳೆಯ ಮನೆಗಳ ಅಟ್ಟ ಹುಡುಕಿದರೆ ಇನ್ನೂ ಅಲ್ಲೊಂದು ಇಲ್ಲೊಂದು ಕಂದೀಲು ಸಿಗುತ್ತದೆ. ತಳದಲ್ಲಿ ಚಿಮಣಿ ಎಣ್ಣೆ ತುಂಬುವ ತಗಡಿನ ಡಬ್ಬಿ, ಅದರ ಮೇಲೆ ಚಪ್ಪಟೆ ಬತ್ತಿ, ಬತ್ತಿಯ ಸುತ್ತ ಗಾಜಿನ ಬುರುಡೆ, ಎರಡೂ ಮಗ್ಗುಲಿಗೆ ಮೇಲಿಂದ ಇಳಿದ ಕೊಳವೆ, ನೆತ್ತಿಗೆ ತಂತಿಯ ಹಿಡಿಕೆ. ಬತ್ತಿಯ ಬುಡದಲ್ಲಿ ಹೊರಕ್ಕೆ ಚಾಚಿಕೊಂಡ ಸಣ್ಣದೊಂದು ಕಿವಿ. ಅದನ್ನು ಒಂದು ಕಡೆ ತಿರುವಿದರೆ ಬತ್ತಿ ಏರುತ್ತದೆ, ಇನ್ನೊಂದು ಕಡೆ ತಿರುವಿದರೆ ಇಳಿಯುತ್ತದೆ. ‘ಕಂದೀಲು ಸಣ್ಣ ಮಾಡು’ ಎಂಬ ಮಾತಿಗೆ ಆಧಾರ ಈ ಕಿವಿ. ದೀಪ ಆರಿಸುವುದು ಬೇರೆ, ಸಣ್ಣ ಮಾಡುವುದು ಬೇರೆ. ಊಟ ಮುಗಿದು ಹಾಸಿಗೆ ಬಿಚ್ಚಿದ ಮೇಲೆ ಮಲಗುವವರಿಗೆ ಕತ್ತಲೂ ಬೇಕು, ಕೂಸು ಅತ್ತರೆ ಎದ್ದು ನೋಡುವಷ್ಟು ಬೆಳಕೂ ಬೇಕು. ಈ ಎರಡನ್ನೂ ಒಂದೇ ಕಿವಿ ಕೊಡುತ್ತಿತ್ತು. ಈಗಿನ ಮನೆಯ ಬಟನ್ ಒತ್ತಿದರೆ ಬೆಳಕು ಪೂರ್ತಿ ಬರುತ್ತದೆ, ಇಲ್ಲವೇ ಪೂರ್ತಿ ಹೋಗುತ್ತದೆ. ಕರೆಂಟು ಬಂದ ಮೇಲೆ ಬೆಳಕು ಹೆಚ್ಚಾಯಿತು, ನಿಜ. ಆದರೆ ‘ಸಣ್ಣ ಮಾಡು’ ಎಂಬ ಮಾತು ಮನೆಯೊಳಗೆ ಕೆಲಸವಿಲ್ಲದೆ ಉಳಿಯಿತು.

ಇದೇ ಸಣ್ಣ ಮಾಡುವ ಪ್ರಶ್ನೆಯನ್ನು 1965ರಲ್ಲಿ ಇಟಲಿಯ ಮಿಲಾನ್ ನಗರದ ವಾಸ್ತುಶಿಲ್ಪಿ ವಿಕೊ ಮಾಜಿಸ್ತ್ರೆತ್ತಿ ತನ್ನ ಮುಂದೆ ಇಟ್ಟುಕೊಂಡ. ಆತ ರೂಪಿಸಿದ ಮೇಜುದೀಪದ ಹೆಸರು ‘ಎಕ್ಲಿಸ್ಸೆ’. ಕನ್ನಡದಲ್ಲಿ ಹೇಳುವುದಾದರೆ ಗ್ರಹಣ. ಎತ್ತರ ಒಂದು ಗೇಣಿಗೂ ತುಸು ಕಡಿಮೆ, ಸುಮಾರು 18 ಸೆಂಟಿಮೀಟರ್. ಬಣ್ಣ ಬಳಿದ ಲೋಹದ ಮೂರು ಅರ್ಧಗೋಳಗಳು, ಅಷ್ಟೇ. ಒಂದು ಬೋರಲು ಬಿದ್ದು ಪೀಠವಾಗಿದೆ. ಇನ್ನೊಂದು ಅದರ ಮೇಲೆ ಕಾಯಿಯ ಹೋಳಿನಂತೆ ನಿಂತು ಬಲ್ಬಿಗೆ ಹೊರಗಿನ ಚಿಪ್ಪಾಗಿದೆ. ಮೂರನೆಯದು ಆ ಚಿಪ್ಪಿನೊಳಗೆ ಬಲ್ಬಿನ ಸುತ್ತ ತಿರುಗುತ್ತದೆ. ಬೆರಳಿನಿಂದ ಒಳಚಿಪ್ಪನ್ನು ತಿರುಗಿಸುತ್ತ ಹೋದರೆ ಹುಣ್ಣಿಮೆಯ ಚಂದ್ರನಿಗೆ ಗ್ರಹಣ ಹಿಡಿದಂತೆ ಬಲ್ಬು ಒಂದು ಮಗ್ಗುಲಿನಿಂದ ಮರೆಯಾಗುತ್ತದೆ. ಕೊನೆಗೆ ಅಂಚಿನಲ್ಲಿ ಬೆಳಕಿನ ಗೆರೆ ಮಾತ್ರ ಉಳಿಯುತ್ತದೆ. ಕಂದೀಲು ಬತ್ತಿ ಇಳಿಸಿ ಬೆಳಕನ್ನೇ ಕಡಿಮೆ ಮಾಡುತ್ತದೆ, ಎಕ್ಲಿಸ್ಸೆ ಬೆಳಕಿಗೆ ಮರೆ ಹಿಡಿಯುತ್ತದೆ. ದಾರಿ ಬೇರೆಯಾದರೂ ಎರಡರ ಉದ್ದೇಶ ಪಕ್ಕದಲ್ಲಿ ಮಲಗಿದವರ ನಿದ್ದೆ ಕೆಡಿಸದಿರುವುದು. ಈ ದೀಪದ ಹೊಳಹು ಎಲ್ಲಿಂದ ಬಂತು ಎಂಬುದನ್ನು ಮಾಜಿಸ್ತ್ರೆತ್ತಿಯೇ ಹೇಳಿಕೊಂಡಿದ್ದಾನೆ: ವಿಕ್ಟರ್ ಹ್ಯೂಗೊನ ‘ಲೆ ಮಿಸೆರಾಬ್ಲ್’ ಕಾದಂಬರಿಯ ಜಾನ್ ವಾಲ್‌ಜಾನ್ ಹಿಡಿದು ಓಡಾಡುವ ಕುರುಡು ಕಂದೀಲಿನಿಂದ. ಉರಿಯುವ ದೀಪವನ್ನು ಆರಿಸದೆ, ತಗಡಿನ ಮುಚ್ಚಳ ಸರಿಸಿ ಬೆಳಕನ್ನಷ್ಟೇ ಅಡಗಿಸುವ ಕಂದೀಲು ಅದು. ಮೊದಲ ಗೀಟುಗಳನ್ನು ಆತ ಎಳೆದದ್ದು ಮೆಟ್ರೊ ರೈಲಿನ ಟಿಕೇಟಿನ ಮೇಲೆ. 1967ರಲ್ಲಿ ಇಟಲಿಯ ಅತಿ ದೊಡ್ಡ ವಿನ್ಯಾಸ ಪ್ರಶಸ್ತಿ ‘ಕೊಂಪಾಸ್ಸೊ ದೋರೊ’, ಅಂದರೆ ಬಂಗಾರದ ಕೈವಾರ, ಇದಕ್ಕೆ ಸಂದಿತು. ಜಗತ್ತಿನ ವಸ್ತುಸಂಗ್ರಹಾಲಯಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ಈ ದೀಪ ನಮ್ಮ ಅಟ್ಟದ ಕಂದೀಲಿಗೆ ದೂರದ ದಾಯಾದಿ ಎಂದರೆ ಅದು ಬರೀ ಚಮತ್ಕಾರದ ಮಾತಾಗದು.

ಇಲ್ಲಿಂದಲೇ ಈ ಲೇಖನದ ವಾದ ಹೊರಡುತ್ತದೆ. ಒಳ್ಳೆಯ ದೀಪವೆಂದರೆ ಹೆಚ್ಚು ಬೆಳಕು ಕೊಡುವ ದೀಪ ಎಂದು ನಾವು ನಂಬಿಕೊಂಡಿದ್ದೇವೆ. ಆದರೆ ಬೆಳಕು ಬೇಕಾದ ಕಡೆ ಬೀಳಬೇಕು, ಬೇಡವಾದ ಕಡೆ ಬೀಳಬಾರದು. ಈ ಎರಡನ್ನೂ ಲೆಕ್ಕ ಹಾಕಿ ಮಾಡಿದ್ದೇ ಒಳ್ಳೆಯ ದೀಪ. ಕಳೆದ ಶತಮಾನದ ಮಧ್ಯದ ಇಟಲಿಯ ಮೇಜುದೀಪಗಳು ಹೆಸರು ಮಾಡಿದ್ದು ಚೆಂದಕ್ಕಿಂತ ಹೆಚ್ಚಾಗಿ ಈ ಲೆಕ್ಕದಿಂದ. ಅದೇ ಲೆಕ್ಕ ನಮ್ಮ ಸೀಮೆಯ ಮನೆ, ಗುಡಿ, ಅಂಗಡಿಗಳಲ್ಲೂ ಇತ್ತು. ನಾವು ಅದನ್ನು ಕಳೆದುಕೊಂಡದ್ದು ಬಡತನದಲ್ಲಲ್ಲ, ಬೆಳಕು ಅಗ್ಗವಾದ ಹೊತ್ತಿನಲ್ಲಿ.

ಇಟಲಿಯ ಕತೆಯನ್ನು ಮೊದಲು ನೋಡೋಣ. ಎರಡನೆಯ ಮಹಾಯುದ್ಧ ಮುಗಿದಾಗ ಮಿಲಾನ್ ಬಾಂಬಿನಿಂದ ಜರ್ಜರಿತವಾಗಿತ್ತು. ಊರು ಮತ್ತೆ ಎದ್ದು ನಿಲ್ಲುವಾಗ ಅಲ್ಲಿನ ವಾಸ್ತುಶಿಲ್ಪಿಗಳು ಕಟ್ಟಡಕ್ಕಷ್ಟೇ ನಿಲ್ಲದೆ ಕುರ್ಚಿ, ಚಮಚ, ದೀಪಗಳಿಗೂ ಕೈ ಹಾಕಿದರು. ಸುತ್ತಮುತ್ತ ಲೋಹ, ಗಾಜು, ಮರದ ಸಣ್ಣ ಸಣ್ಣ ಕಾರ್ಖಾನೆಗಳಿದ್ದವು; ಕಾಗದದ ಮೇಲಿನ ಗೀಟನ್ನು ವಸ್ತುವಾಗಿಸುವ ಕಸಬುದಾರರಿದ್ದರು. ಜೀನೊ ಸಾರ್ಫಾತ್ತಿ 1939ರಲ್ಲೇ ಆರ್ತೆಲುಚೆ ಎಂಬ ದೀಪದ ಕಂಪನಿ ಕಟ್ಟಿದ್ದ. 1945ರಲ್ಲಿ ಓಲುಚೆ, 1960ರಲ್ಲಿ ಆರ್ತೆಮಿದೆ, 1962ರಲ್ಲಿ ಫ್ಲೋಸ್ ಹುಟ್ಟಿದವು. ಬಂಗಾರದ ಕೈವಾರದ ಪ್ರಶಸ್ತಿಯನ್ನು 1954ರಲ್ಲಿ ಆರಂಭಿಸಿದ್ದು ಸರಕಾರವಲ್ಲ, ಮಿಲಾನಿನ ‘ಲಾ ರಿನಾಶೆಂತೆ’ ಎಂಬ ದೊಡ್ಡ ಅಂಗಡಿ. ರೂಪಿಸುವವ, ಮಾಡುವವ, ಮಾರುವವ, ಮೆಚ್ಚಿ ಬರೆಯುವವ ಒಂದೇ ಊರಿನ ಕೂಗಳತೆಯಲ್ಲಿದ್ದರು. ಪ್ರತಿಭೆಯ ಜೊತೆಗೆ ಈ ನೆರೆಹೊರೆಯೂ ಸೇರಿದ್ದರಿಂದಲೇ ಹತ್ತಿಪ್ಪತ್ತು ವರ್ಷಗಳಲ್ಲಿ ಅಷ್ಟೊಂದು ದೀಪಗಳು ಬಂದವು.

ಆ ದೀಪಗಳಲ್ಲಿ ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ. ಗಾಯೆ ಆವುಲೆಂತಿ ಎಂಬ ವಾಸ್ತುಶಿಲ್ಪಿ 1965ರಲ್ಲಿ ರೂಪಿಸಿದ ‘ಪಿಪಿಸ್ತ್ರೆಲ್ಲೊ’, ಅಂದರೆ ಬಾವಲಿ, ರೆಕ್ಕೆ ಬಿಚ್ಚಿದ ಬಾವಲಿಯಂತಹ ತಲೆಯದು. ಅದರ ಕಂಬ ಒಂದರೊಳಗೊಂದು ಸರಿಯುವುದರಿಂದ ಮೇಜಿನ ಮೇಲೂ ಸಲ್ಲುತ್ತದೆ, ನೆಲದ ಮೇಲೂ ಸಲ್ಲುತ್ತದೆ. ಮಿಲಾನಿನಲ್ಲಿ ನೆಲೆಸಿದ್ದ ಜರ್ಮನ್ ರಿಚರ್ಡ್ ಸಾಪರ್ 1972ರಲ್ಲಿ ಮಾಡಿದ ‘ತಿತ್ಸಿಯೊ’ ಓದುವವನ ಪುಟದ ಮೇಲೆ ಮಾತ್ರ ಬೆಳಕು ಬೀಳಿಸಬೇಕೆಂದು ಹೊರಟದ್ದು. ಇಟಲಿಯ ಮಾತಿನಲ್ಲಿ ತಿತ್ಸಿಯೊ ಎಂದರೆ ‘ಯಾರೋ ಒಬ್ಬ’. ಸಣ್ಣ ಹ್ಯಾಲೊಜನ್ ಬಲ್ಬು ಹೊತ್ತ ತಲೆ, ಉದ್ದನೆಯ ಎರಡು ತೆಳ್ಳನೆಯ ತೋಳು, ತೋಳಿನ ಹಿಂತುದಿಗೆ ಭಾರದ ಗುಂಡು. ಬೆರಳಿನಲ್ಲಿ ನೂಕಿದರೆ ಸಾಕು, ತಲೆ ಬೇಕಾದಲ್ಲಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಸ್ಪ್ರಿಂಗಿಲ್ಲ, ಬಿಗಿಯುವ ತಿರುಪಿಲ್ಲ. ಬಾವಿಯ ಏತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ತುದಿಗೆ ನೀರಿನ ಕೊಡ, ಇನ್ನೊಂದು ತುದಿಗೆ ಕಲ್ಲು, ನಡುವೆ ಕವಲು ಕಂಬ: ತಿತ್ಸಿಯೊ ಅದೇ ತೂಕದ ನ್ಯಾಯವನ್ನು ಮೇಜಿನ ಮೇಲೆ ತಂದಿದೆ. ಮೇಲಾಗಿ ಅದರ ತೋಳಿನ ಲೋಹದಲ್ಲೇ 12 ವೋಲ್ಟಿನ ಕರೆಂಟು ಹರಿಯುವುದರಿಂದ ತೋಳಿಗೆ ಬೇರೆ ವಾಯರಿಲ್ಲ. ಟ್ರಾನ್ಸ್‌ಫಾರ್ಮರ್ ಪೀಠದಲ್ಲಿ ಅಡಗಿ, ದೀಪ ಮಗುಚದಂತೆ ಹಿಡಿಯುವ ಭಾರವೂ ಆಗಿದೆ. ಒಂದು ಭಾಗ ಎರಡು ಕೆಲಸ ಮಾಡಬೇಕು ಎಂಬ ಈ ಜಿಪುಣತನವೇ ಆ ಕಾಲದ ಒಳ್ಳೆಯ ದೀಪಗಳ ಗುರುತು.

ಈಗ ನಮ್ಮ ಸೀಮೆಗೆ ಬರೋಣ. ಕಂದೀಲಿನ ಮಗ್ಗುಲ ಕೊಳವೆಗಳು ಎತ್ತಿಕೊಳ್ಳಲು ಇಟ್ಟ ಹಿಡಿಕೆ ಎಂದು ಅನೇಕರು ತಿಳಿದಿದ್ದಾರೆ. ಅವು ದೀಪದ ಶ್ವಾಸನಾಳಗಳು. ಬಿಸಿಗಾಳಿ ಬುರುಡೆಯಿಂದ ಮೇಲೇರುವಾಗ ನೆತ್ತಿಯ ಕಡೆಯಿಂದ ಗಾಳಿ ಈ ಕೊಳವೆಗಳಲ್ಲಿಳಿದು ಬತ್ತಿಯ ಬುಡ ಸೇರುತ್ತದೆ. ಉರಿಗೆ ಉಸಿರು ಸಿಗುತ್ತದೆ, ಹೊರಗಿನ ಬಿರುಗಾಳಿ ನೇರ ತಾಗುವುದಿಲ್ಲ. ಕೊಳವೆ ಗಾಳಿಯನ್ನೂ ಸಾಗಿಸುತ್ತದೆ, ಇಡೀ ದೀಪಕ್ಕೆ ಚೌಕಟ್ಟೂ ಆಗುತ್ತದೆ. ಇಲ್ಲೂ ಒಂದು ಭಾಗಕ್ಕೆ ಎರಡು ಕೆಲಸ. ಮಲೆನಾಡಿನ ಸೆರಗಿಗಿರುವ ಹಾನಗಲ್ಲ ಕಡೆಯ ಮಳೆಗಾಳಿಯಲ್ಲಿ ಗದ್ದೆಗೆ ನೀರು ಬಿಡಲು ಹೋಗುವವನ ಕೈಯಲ್ಲಿ ಇದು ಆರದೆ ಉಳಿಯುತ್ತಿದ್ದುದು ಈ ಕಾರಣಕ್ಕೆ. 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದ ಪೇಟೆಗಳು ನೋಡುತ್ತಿದ್ದುದು ಬಡಗಣ ದಿಕ್ಕಿಗೆ. ಆ ಪ್ರಾಂತದಲ್ಲಿ ಹೆಸರಾದದ್ದು ಸಾತಾರಾ ಜಿಲ್ಲೆಯ ಕರಾಡ ಹತ್ತಿರ 1916ರಲ್ಲಿ ಶುರುವಾದ ಓಗಲೆ ಗಾಜಿನ ಕಾರ್ಖಾನೆಯ ‘ಪ್ರಭಾಕರ’ ಕಂದೀಲು. ಕಂದೀಲಿಗೆ ಗತಿಯಿಲ್ಲದ ಮನೆಯಲ್ಲಿ ಚಿಮಣಿ ಬುಡ್ಡಿ: ಔಷಧದ ಖಾಲಿ ಶೀಸೆ, ಮುಚ್ಚಳಕ್ಕೆ ತೂತು, ತೂತಿನಲ್ಲಿ ಅರಿವೆಯ ಬತ್ತಿ. ಬಿಸಾಡಿದ ವಸ್ತುವಿಗೆ ಹೊಸ ಕೆಲಸ ಹಚ್ಚುವ ಈ ಜಾಣತನವನ್ನು ಮಿಲಾನಿನ ವಿನ್ಯಾಸಕಾರರಾದ ಕಾಸ್ತಿಲ್ಯೋನಿ ಅಣ್ಣತಮ್ಮಂದಿರು 1962ರಲ್ಲಿ ‘ತೊಯಿಯೊ’ ಎಂಬ ನೆಲದೀಪದಲ್ಲಿ ತೋರಿಸಿ ಜಗತ್ತನ್ನು ಬೆರಗುಗೊಳಿಸಿದರು. ಅದರ ತಲೆ ಕಾರಿನ ಮುಂದೀಪ. ವಾಯರನ್ನು ಹಿಡಿದಿಟ್ಟದ್ದು ಮೀನಿನ ಗಾಳದ ಕೋಲಿಗೆ ಹಾಕುವ ಉಂಗುರ.

ದೀಪ ಎಲ್ಲಿಡಬೇಕು ಎಂಬ ವಿವೇಕವೂ ಇಲ್ಲಿ ಮನೆ ಕಟ್ಟುವಾಗಲೇ ತೀರ್ಮಾನವಾಗುತ್ತಿತ್ತು. ಹಗಲಿಗೆ ಮಾಳಿಗೆ ಮನೆಯಲ್ಲಿ ಬೆಳಕಿಂಡಿ, ಹಂಚಿನ ಮನೆಯಲ್ಲಿ ಗಾಜಿನ ಹಂಚು. ಇರುಳಿಗೆ ಗೋಡೆಯ ಮಾಡ. ಮಾಡದಲ್ಲಿಟ್ಟ ದೀಪ ಮೂರು ಕಡೆಯಿಂದ ಗಾಳಿಗೆ ಮರೆ; ಬೆಳಕು ಸುಣ್ಣ ಬಳಿದ ಒಳಮೈಗೆ ತಾಗಿ ಮುಂದಕ್ಕೆ ಹೊರಳುತ್ತದೆ; ನೆಲದ ಮೇಲೆ ಕುಳಿತವರ ತಲೆಗಿಂತ ಹೆಚ್ಚು ಮೇಲಿಲ್ಲ. ದೇವರ ಮುಂದಿನ ಸಮೆಯ ಎತ್ತರವೂ ಕುಳಿತವರ ಮುಖಕ್ಕೆ ಹೊಂದುವಂಥದ್ದು. ಗುಡಿಗಳಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಹಾನಗಲ್ಲಿನ ತಾರಕೇಶ್ವರ ದೇವಸ್ಥಾನದ ಕಂಬಗಳನ್ನು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ತಿರುಗಣೆಯಲ್ಲಿ ಕಡೆದು ಕನ್ನಡಿಯಂತೆ ನುಣುಪು ಮಾಡಿದ್ದಾರೆ. ಮಸುಕುಗತ್ತಲ ಮಂಟಪದಲ್ಲಿ ಒಂದು ದೀಪ ಹಚ್ಚಿದರೆ ಕಂಬಕಂಬದ ಏಣುಗಳ ಮೇಲೆ ಬೆಳಕಿನ ಗೆರೆಗಳು ಏಳುತ್ತವೆ. ಇಂಥ ಗುಡಿಗಳ ನಂದಾದೀವಿಗೆಗೆ ಗಾಣದಿಂದ ಎಣ್ಣೆ ದತ್ತಿ ಬಿಟ್ಟ ಮಾತು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಣ್ಣೆ ದುಬಾರಿಯಾದ ಕಾಲದಲ್ಲಿ ಒಂದು ಕುಡಿಯನ್ನು ಹತ್ತು ಮಾಡುವ ಕೆಲಸವನ್ನು ಕಲ್ಲಿನ ನುಣುಪಿಗೆ ಒಪ್ಪಿಸಲಾಗಿತ್ತು. ಕಾಸ್ತಿಲ್ಯೋನಿಗಳ ‘ತಾಚ್ಚಾ’ ಎಂಬ ಮೇಜುದೀಪವೂ ಇದೇ ದಾರಿ ಹಿಡಿದಿದೆ. ಗೀರುಗಂಬದಂತಹ ಅದರ ಪೀಠದಲ್ಲಿ ಬಲ್ಬು ಅಡಗಿದೆ; ಬೆಳಕು ಮೇಲೆ ಹೋಗಿ ಬಟ್ಟಲಿನಂತಹ ಬಿಳಿ ತಟ್ಟೆಗೆ ತಾಗಿ ಮೆತ್ತಗಾಗಿ ಕೆಳಗಿಳಿಯುತ್ತದೆ. ಕಣ್ಣಿಗೆ ಕಾಣುವುದು ಬೆಳಕು, ಬಲ್ಬಲ್ಲ.

ಹಾಗಾದರೆ ಈ ತಿಳಿವಳಿಕೆ ಎಲ್ಲಿ ಹೋಯಿತು? ಕರೆಂಟು ಹಳ್ಳಿಗೆ ಬಂದ ಬಗೆಯಲ್ಲೇ ಉತ್ತರವಿದೆ. 1979-80ರಲ್ಲಿ ಆರಂಭವಾದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಒಂದು ಬಲ್ಬಿನ ಸಂಪರ್ಕ ಕೊಟ್ಟಿತು. ಒಂದೇ ಬಲ್ಬೆಂದ ಮೇಲೆ ಅದು ಮನೆಯ ನಟ್ಟನಡುವೆ, ಜಂತಿಗೆ ಜೋತು ಬೀಳುವುದು ಸಹಜ: ಅಡಿಗೆಗೂ ಅದೇ, ಓದಿಗೂ ಅದೇ. ಕೈಯಲ್ಲಿದ್ದ ದೀಪ ತಲೆಯ ಮೇಲಕ್ಕೆ ಹೋಯಿತು. ಅನುಕೂಲಸ್ಥರ ಮನೆಯಲ್ಲಿ ಬಲ್ಬಿನ ಜಾಗಕ್ಕೆ ಟ್ಯೂಬ್‌ಲೈಟು ಬಂತು, ಆಮೇಲೆ ಎಲ್‌ಇಡಿ. ಜಾಗ ಮಾತ್ರ ಬದಲಾಗಲಿಲ್ಲ. ಸರಕಾರಗಳ ಲೆಕ್ಕವೂ ಹಾಗೆಯೇ ನಡೆದು ಬಂದಿದೆ. ಭಾಗ್ಯಜ್ಯೋತಿ ಮನೆಗಳನ್ನು ಎಣಿಸಿತು, 2015ರ ಉಜಾಲಾ ಯೋಜನೆ ಹಂಚಿದ ಬಲ್ಬುಗಳನ್ನು ಎಣಿಸಿತು, 2023ರ ಗೃಹಜ್ಯೋತಿ 200ರ ಮಿತಿಯಲ್ಲಿ ಯೂನಿಟ್ಟುಗಳನ್ನು ಎಣಿಸುತ್ತಿದೆ. ಎಣಿಸಿದ್ದು ತಪ್ಪಲ್ಲ, ಕತ್ತಲ ಮನೆಗೆ ಬೆಳಕು ಮುಟ್ಟಿಸುವುದೇ ಮೊದಲ ಕೆಲಸ. ಆದರೆ ಆ ಬೆಳಕು ಮನೆಯೊಳಗೆ ಎಲ್ಲಿ ಬೀಳುತ್ತದೆ ಎಂದು ಕೇಳುವ ಎರಡನೆಯ ಕೆಲಸ ಯಾರ ಪಾಲಿಗೂ ಬರಲಿಲ್ಲ. ಹೀಗಾಗಿ ಇವತ್ತಿಗೂ ಸವಣೂರಿನಲ್ಲಿ ಸಂಜೆ ವೀಳ್ಯದೆಲೆ ಎಣಿಸಿ ಕಟ್ಟುವ ಕೈಗೆ, ಹಿರೇಕೆರೂರಿನಲ್ಲಿ ಹೊಲಿಗೆ ಯಂತ್ರದ ಸೂಜಿಗೆ, ಶಿಗ್ಗಾಂವಿಯಲ್ಲಿ ಹತ್ತನೆಯ ತರಗತಿಯ ಪುಸ್ತಕಕ್ಕೆ ಅಡ್ಡ ಬರುವುದು ಕೆಲಸ ಮಾಡುವವರದೇ ತಲೆಯ ನೆರಳು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕಂದೀಲನ್ನು ಹೊಗಳುವುದು ಸುಲಭ, ಅದರ ಕೆಳಗೆ ಬದುಕುವುದು ಕಷ್ಟ. ಚಿಮಣಿ ಬುಡ್ಡಿಯ ಹೊಗೆಗೆ ಮೂಗು ಕಪ್ಪಾಗುತ್ತಿತ್ತು, ಮಗುಚಿ ಬಿದ್ದರೆ ಮನೆಯೇ ಸುಡುತ್ತಿತ್ತು, ದಿನಾ ಸಂಜೆ ಬುರುಡೆಯ ಮಸಿಯನ್ನು ಬೂದಿ ಹಚ್ಚಿ ಒರೆಸುವ ಕೆಲಸ ಹೆಣ್ಣುಮಕ್ಕಳ ತಲೆಗೇ ಬೀಳುತ್ತಿತ್ತು. ಈ ಮಾತು ಪೂರಾ ಸರಿ. ಚಿಮಣಿ ಎಣ್ಣೆಯ ಕಾಲ ಮರಳಿ ಬರುವುದು ಯಾರಿಗೂ ಬೇಡ. ಇಲ್ಲಿ ಹೇಳುತ್ತಿರುವುದು ಇಂಧನದ ಮಾತಲ್ಲ, ಇಡುವ ಜಾಗದ ಮಾತು. ಕಂದೀಲಿನ ಉರಿ ತೀರ ಮಂದ. ಆದರೂ ಅದರಲ್ಲಿ ಓದಿ ಪರೀಕ್ಷೆ ಪಾಸಾದವರಿದ್ದಾರೆ ಎಂದರೆ, ಅದು ಪುಟದಿಂದ ಒಂದು ಮೊಳ ದೂರದಲ್ಲಿತ್ತು ಎಂಬುದೇ ಕಾರಣ. ಬೆಳಕಿನ ಗಣಿತ ಸರಳವಾಗಿದೆ: ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡು ಮೀಟರ್ ಮೇಲೆ ತೂಗುವ ಬಲ್ಬನ್ನು ಅರ್ಧ ಮೀಟರಿಗೆ ಇಳಿಸಿದರೆ, ಗೋಡೆಯಿಂದ ಮರಳಿ ಬರುವ ಬೆಳಕನ್ನು ಬಿಟ್ಟು ಲೆಕ್ಕ ಹಾಕಿದಾಗ, ಪುಟದ ಮೇಲೆ ಬೀಳುವುದು ಹದಿನಾರು ಪಟ್ಟು. ಸಣ್ಣ ಎಲ್‌ಇಡಿ ಬಲ್ಬನ್ನು ಹತ್ತಿರ ತಂದು, ಕಣ್ಣಿಗೆ ರಾಚದಂತೆ ತಗಡಿನ ಮರೆ ಹಿಡಿದರೆ, ಕಂದೀಲಿನ ವಿವೇಕ ಹೊಗೆಯಿಲ್ಲದೆ ಮನೆಗೆ ಮರಳುತ್ತದೆ.

ಎರಡನೆಯ ಆಕ್ಷೇಪ ದುಡ್ಡಿನದು. ಇಟಲಿಯ ಹೆಸರಾಂತ ದೀಪಗಳು ಸಿರಿವಂತರ ಸೊತ್ತು. ಹಾವೇರಿ ಜಿಲ್ಲೆಯ ರೈತನಿಗೆ ಅವುಗಳ ಗೊಡವೆ ಏಕೆ? ದೀಪ ಕೊಳ್ಳುವ ಮಾತಾದರೆ ಗೊಡವೆ ಬೇಡವೇ ಬೇಡ. ಆದರೆ ಆ ದೀಪಗಳನ್ನು ಮಾಡಿದವರು ಯಾವುದನ್ನು ಹೆಚ್ಚೆಂದು ಎಣಿಸಿದರು ಎಂಬುದನ್ನು ನೋಡಬೇಕು. ಅಕಿಲ್ಲೆ ಕಾಸ್ತಿಲ್ಯೋನಿ ಮಿಲಾನಿನ ತನ್ನ ಕಚೇರಿಯ ತುಂಬ ಹೆಸರಿಲ್ಲದ ಕಸಬುದಾರರು ಮಾಡಿದ ದಿನಬಳಕೆಯ ವಸ್ತುಗಳನ್ನು ಕೂಡಿಟ್ಟು ವಿದ್ಯಾರ್ಥಿಗಳಿಗೆ ತೋರಿಸಿ ಪಾಠ ಮಾಡುತ್ತಿದ್ದ. 1968ರಲ್ಲಿ ಈ ಅಣ್ಣತಮ್ಮಂದಿರು ಮೇಜುದೀಪದ ವಾಯರಿನ ನಡುವೆ ಕೂರುವ ಸಣ್ಣ ಪ್ಲಾಸ್ಟಿಕ್ ಸ್ವಿಚ್ಚೊಂದನ್ನು ರೂಪಿಸಿದರು. ಕತ್ತಲಲ್ಲಿ ತಡಕಾಡಿದರೂ ಬೆರಳಿಗೆ ಗುಂಡಿ ಸಿಗಬೇಕು, ಒತ್ತುವಾಗ ‘ಟಕ್’ ಎಂಬ ಸದ್ದಿನಿಂದ ಕೆಲಸವಾಯಿತೆಂದು ತಿಳಿಯಬೇಕು. ಲಕ್ಷ ಲಕ್ಷ ಸಂಖ್ಯೆಯಲ್ಲಿ ಮಾರಾಟವಾದ ಆ ಸ್ವಿಚ್ಚಿನ ಮೇಲೆ ಯಾರ ಹೆಸರೂ ಇಲ್ಲ. ಬಳಸುವವರಿಗೆ ಅದನ್ನು ಒಬ್ಬರು ಯೋಚಿಸಿ ಮಾಡಿದ್ದಾರೆಂಬುದೂ ಗೊತ್ತಿಲ್ಲ. ತನ್ನ ಕೆಲಸಗಳಲ್ಲಿ ಅಕಿಲ್ಲೆ ಹೆಚ್ಚು ಹೆಮ್ಮೆಪಟ್ಟದ್ದು ಇದರ ಬಗ್ಗೆ. ಅಗ್ಗದ ವಸ್ತುವಿಗೂ ಅಷ್ಟೇ ಯೋಚನೆ ಸಲ್ಲಬೇಕು ಎಂಬ ಪಾಠ ಬಡವರಿಗೇ ಹೆಚ್ಚು ಬೇಕಾದದ್ದು.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿ. ಕಂದೀಲು ನಮ್ಮದೆಂದು ಹೇಗೆ ಹೇಳುವಿರಿ? ಕೊಳವೆಯ ಕಂದೀಲು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ರೂಪ ಪಡೆದದ್ದು. ಕಂದೀಲೆಂಬ ಪದವೇ ಅರಬ್ಬೀ ಮೂಲದ್ದು. ಒಪ್ಪಬೇಕಾದ ಮಾತು. ಆದರೆ ಮಾಜಿಸ್ತ್ರೆತ್ತಿ ಫ್ರೆಂಚ್ ಕಾದಂಬರಿಯಿಂದ ಎರವಲು ತಂದ, ಇಟಲಿಯ ಹೆಮ್ಮೆಯ ತಿತ್ಸಿಯೊ ಜರ್ಮನ್‌ನ ಕೈಯದು. ವಸ್ತುಗಳಿಗೆ ಜಾತಕ ಕೇಳುತ್ತ ಕುಳಿತರೆ ಯಾವ ದೀಪವೂ ಯಾರದೂ ಆಗುವುದಿಲ್ಲ. ಬಳಸಿ, ತಿದ್ದಿ, ತಮ್ಮ ಮಾಡಕ್ಕೂ ತಮ್ಮ ಮಾತಿಗೂ ಹೊಂದಿಸಿಕೊಂಡವರದ್ದು ಅದು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರಕಾರದ ಕೋರಿಕೆಯ ಮೇಲೆ 1958ರಲ್ಲಿ ಬರೆದ ವರದಿಯಲ್ಲಿ ಈ ದೇಶದ ಅತ್ಯುತ್ತಮ ವಿನ್ಯಾಸವೆಂದು ಎತ್ತಿ ಹಿಡಿದದ್ದು ನಮ್ಮ ತಂಬಿಗೆಯನ್ನು. ಅದನ್ನು ಒಬ್ಬ ಮನುಷ್ಯ ಮಾಡಲಿಲ್ಲ, ತಲೆಮಾರುಗಳು ತಿದ್ದಿದವು ಎಂಬುದು ಅವರ ನಿಲುವು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ತಂಬಿಗೆಗೆ ಸಂದ ಈ ಗೌರವ ಚಿಮಣಿ ಬುಡ್ಡಿಗೂ ಮಾಡದ ದೀಪಕ್ಕೂ ಸಲ್ಲಬಾರದೇಕೆ?

ಆಕ್ಷೇಪದ ಹಿಂದಿನ ಸತ್ಯ ಇನ್ನೊಂದಿದೆ: ಇಟಲಿಗಿದ್ದ ನೆರೆಹೊರೆ ನಮಗಿಲ್ಲ. ಕುಂಬಾರ ಪಣತಿ ಮಾಡಿದ, ತಗಡಿನ ಕೆಲಸದವ ಬುಡ್ಡಿ ಮಾಡಿದ. ಅವರು ಮಾಡಿದ್ದನ್ನು ಅಳೆದು ಬರೆದಿಟ್ಟವರಿಲ್ಲ. ಆದರೆ ದಾರಿಗಳು ಇಲ್ಲದಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾಡು, ಕುಣಿತ, ದೊಡ್ಡಾಟಗಳಷ್ಟೇ ಜಾನಪದವಲ್ಲ. ದೊಡ್ಡಾಟದ ಮುಖವರ್ಣಿಕೆಯನ್ನು ಮೊದಲು ಪಂಜು, ಆಮೇಲೆ ಗ್ಯಾಸಬತ್ತಿ ಹೇಗೆ ಬೆಳಗಿದವು, ಮಾಡದ ಆಳ ಎಷ್ಟು ಬೆರಳು, ತಾಂಡಾದ ಹುಡುಗಿಯರು ದೀಪಾವಳಿಯಲ್ಲಿ ಮನೆಮನೆಗೆ ಒಯ್ಯುವ ದೀಪ ಗಾಳಿಗೆ ಆರದಂತೆ ಹೇಗೆ ಹಿಡಿಯುತ್ತಾರೆ ಎಂಬುದೂ ಜಾನಪದವೇ. ಇವನ್ನು ಅಳತೆಯ ಸಮೇತ ದಾಖಲಿಸುವ ಕೆಲಸಕ್ಕೆ ದೊಡ್ಡ ಖರ್ಚಿಲ್ಲ. ಇನ್ನೊಂದು ದಾರಿಯನ್ನು 1995ರಲ್ಲಿ ಕರ್ನಾಟಕದಲ್ಲೇ ಹುಟ್ಟಿದ ಸೆಲ್ಕೊ ಎಂಬ ಸೋಲಾರ್ ಕಂಪನಿ ತೋರಿಸಿದೆ. ಸೋಲಾರ್ ದೀಪ ಮಾರುವ ಮೊದಲು ಅವರು ಕೇಳಿದ್ದು ‘ಯಾವ ಕೆಲಸಕ್ಕೆ’ ಎಂದು. ನಸುಕಿನಲ್ಲಿ ಹೂ ಕೀಳುವವರಿಗೆ ಎರಡೂ ಕೈ ಖಾಲಿ ಬೇಕು, ಹಾಗಾಗಿ ದೀಪ ಹಣೆಗೆ ಹತ್ತಿತು. ಮಾಜಿಸ್ತ್ರೆತ್ತಿಯನ್ನೂ ಸಾಪರನನ್ನೂ ಹೊರಡಿಸಿದ್ದು ಇದೇ ಬಗೆಯ ಪ್ರಶ್ನೆ.

ಆದ್ದರಿಂದ ಮುಂದಿನ ಸಲ ಪೇಟೆಗೆ ಹೋಗಿ ದೀಪ ಕೊಳ್ಳುವಾಗ ಎಷ್ಟು ವಾಟ್ ಎಂದು ಕೇಳುವ ಮೊದಲು ಮೂರು ಪರೀಕ್ಷೆ ಮಾಡಿ. ದೀಪ ಹಚ್ಚಿಸಿ, ಎದುರು ಕುಳಿತು ನೋಡಿ: ಬಲ್ಬು ನೇರ ಕಣ್ಣಿಗೆ ಹೊಡೆದರೆ ಆ ದೀಪ ಬೇಡ. ಬರೆಯುವಂತೆ ಕೈ ಇಟ್ಟು ನೋಡಿ: ಬಲಗೈಯವರಿಗೆ ದೀಪ ಎಡಕ್ಕಿದ್ದಾಗ ಅಕ್ಷರದ ಮೇಲೆ ಕೈನೆರಳು ಬೀಳಬಾರದು. ಕೊನೆಗೆ ತಲೆಯನ್ನು ತಿರುವಿ, ಬಗ್ಗಿಸಿ ನೋಡಿ: ಮಗ್ಗುಲಲ್ಲಿ ಮಲಗಿದವರಿಗೆ ಮರೆ ಮಾಡಲು ಬರಬೇಕು. ಈ ಮೂರರಲ್ಲಿ ಪಾಸಾದ ದೀಪ ಮಿಲಾನಿನದಾದರೇನು, ಹಾನಗಲ್ಲ ಸಂತೆಯದಾದರೇನು, ಅದು ಒಳ್ಳೆಯ ದೀಪ.